ಒಳಕೋಣೆಯ ಎಸಿ ಪಾಯಿಂಟ್

ಫ್ರೀಜರ್ ಪೆಟ್ಟಿಗೆಯ ಪ್ಲಗ್ಗನ್ನು ಎರಡನೇ ಸಲ ಸಿಕ್ಕಿಸಿದ ಕೂಡಲೇ ನಡುಮನೆಯ ಫ್ಯಾನು ಗೊಣಗಿ ನಿಂತಿತು.

"ಮತ್ತೆ ಫ್ಯೂಸ್ ಹೋಯ್ತು," ಎಂದ ಬಾಡಿಗೆಗೆ ಪೆಟ್ಟಿಗೆ ತಂದಿದ್ದ ಡ್ರೈವರ್. "ವೈರ್‌ಮ್ಯಾನ್ ಮನೇಲೇ ಹಿಂಗಾ?"

"ನಮ್ಮಣ್ಣನ ಕರೆಂಟೆಲ್ಲ ಬಾಯಲ್ಲೇ ಇತ್ತಪ್ಪ," ಎಂದು ನಗಲು ಹೋದ ತಮ್ಮ, ನಗಲಾರದೆ ಮೂಗೊರೆಸಿಕೊಂಡ.

ಪೆಟ್ಟಿಗೆಯೊಳಗೆ ವೈರ್‌ಮ್ಯಾನ್ ಮಲಗಿದ್ದ. ನಿನ್ನೆ ಯಾರದೋ ಮಹಡಿಮನೆಯಲ್ಲಿ ಎಸಿಗೆ ಲೈನ್ ಎಳೆದು ಬಂದು, "ಏನ್ ಸೆಖೆ ಕಣೇ" ಎಂದು ಒರಗಿದವನು ಏಳಲೇ ಇಲ್ಲ. ಮಗಳು ಬಂದು ತಲುಪುವುದು ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಅಪ್ಪನ ಮುಖ ಅಪ್ಪನ ಮುಖವಾಗಿಯೇ ಉಳಿಯಬೇಕಿತ್ತು.

ಹೆಂಡತಿ ಎದ್ದು ನಿಂತಳು. "ಒಳಕೋಣೆಗೆ ತನ್ನಿ. ಅಲ್ಲಿ ಎಸಿ ಪಾಯಿಂಟ್ ಇದೆ. ಅದಕ್ಕೇ ಅಂತ ಬೇರೆ ಲೈನು. ಅವ್ರೇ ಎಳೆದಿದ್ದು." ಆ ದನಿಯಲ್ಲೂ ಒಂದು ಚೂರು ಜಂಬವಿತ್ತು.

*

ಮನೆ ಕಟ್ಟುವಾಗ ಅವನು ಸೀಮೆಸುಣ್ಣ ಹಿಡಿದು ಆ ಕೋಣೆಯಲ್ಲಿ ಅರ್ಧ ದಿನ ಸುತ್ತಿದ್ದ.

"ತಲೆದಿಂಬಿನ ಮೇಲೆ ಬೇಡ, ನೀರು ತೊಟ್ಟಿಕ್ಕಿದ್ರೆ ನಿನ್ನ ಮೂಗಿಗೇ. ಇಲ್ಲಿರ್ಲಿ. ಮೆಷಿನ್ ವೈರು ಬಲಗಡೆ ಬರುತ್ತೆ, ಪಾಯಿಂಟೂ ಬಲಗಡೆ."

"ಸ್ವಲ್ಪ ಕೆಳಗಿಟ್ರೆ ನಂಗೆ ಇಸ್ತ್ರಿಗಾದ್ರೂ ಆಗುತ್ತಲ್ರೀ?"

"ಎಸಿಗೆ ಅವಮಾನ ಮಾಡ್ಬೇಡ ಕಣೇ!"

ಗೋಡೆಯ ಮೇಲೆ ಎಸಿಯಷ್ಟಗಲದ ಚೌಕ ಬರೆದ. ಚೌಕ ಉಳಿಯಿತು, ಎಸಿ ಬರಲಿಲ್ಲ. ಪ್ರತಿ ಬೇಸಿಗೆಯೂ ಅದನ್ನು ಮುಂದಿನ ಬೇಸಿಗೆಯ ತಲೆಗೆ ಕಟ್ಟಿತು. ಸೆಖೆಗೆ ಮಗಳು ಹೊರಳಾಡಿದರೆ ಅವನು ಚೌಕದತ್ತ ರಿಮೋಟಿನಂತೆ ಬಾಚಣಿಗೆ ಹಿಡಿದು, ಕೆಲಸದ ಮನೆಯ ಯಜಮಾನಿಯ ದನಿ ತೆಗೆಯುತ್ತಿದ್ದ: "ವೈರ್‌ಮ್ಯಾನ್, ನಮ್ಮೆಜಮಾನ್ರಿಗೆ ಇಪ್ಪತ್ತೆರಡಕ್ಕೇ ಶೀತ ಆಗ್ಬಿಡುತ್ತೆ!" ಆಮೇಲೆ ಮೆಷಿನ್ನೂ ಅವನೇ: "ಗುಂಯ್..." ತಾಯಿ ಮಗಳು ಗಡಗಡ ನಡುಗಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಳ್ಳುತ್ತಿದ್ದರು.

ಆ ಪಾಯಿಂಟಿನ ಸ್ವಿಚ್ಚನ್ನು ಹೆಂಡತಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಸಿ ಬರುವ ಹೊತ್ತಿಗೆ ಹೊಸದಾಗೇ ಇರಲಿ ಎಂದು.

*

ಪೆಟ್ಟಿಗೆಯನ್ನು ಒಳಕೋಣೆಯ ಮಂಚದ ಮೇಲೆ ಇಳಿಸಿದರು. ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಸ್ಟೂಲು ಹತ್ತಿ, ಪ್ಲಗ್ ಸಿಕ್ಕಿಸಿ, ಸ್ವಿಚ್ ಒತ್ತಿದ. ಪೆಟ್ಟಿಗೆ ಸುಮ್ಮನಿತ್ತು. ಪ್ಲೇಟು ಬಿಚ್ಚಿ ಒಳಗೆ ನೋಡಿದ. ನೋಡುತ್ತಲೇ ನಿಂತ.

"ಅಕ್ಕ, ಇದ್ರಲ್ಲಿ ವೈರೇ ಇಲ್ಲ."

"ಸರಿಯಾಗಿ ನೋಡಪ್ಪ."

"ವೈರ್ ಹಾಕೋ ಪೈಪೂ ಇಲ್ಲ. ಹಿಂದೆ ಬರೀ ಗೋಡೆ." ಅವನು ಅವಳ ಮುಖ ನೋಡಲಿಲ್ಲ. "ಈ ಬೀದಿ ಲೈನಿಗೆ ಎಸಿ ಎಳೆಯೋ ತಾಕತ್ತಿಲ್ಲ. ಅವ್ನಿಗೆ ಅವತ್ತೇ ಗೊತ್ತಿತ್ತು ಅನ್ಸುತ್ತೆ. ನಾನೀಗ ವೈರ್ ಎಳೆದ್ರೂ ಫ್ಯೂಸ್ ಹೋಗೋದೇ."

"ಪಕ್ಕದ್ಮನೆಯಿಂದ?"

"ಅದೂ ಇದೇ ಲೈನಕ್ಕ."

ಮೈದುನ ದನಿ ತಗ್ಗಿಸಿದ. "ಅತ್ತಿಗೆ, ಈ ಸೆಖೇಲಿ ನಾಳೆವರೆಗೆ ಆಗಲ್ಲ. ಮಧ್ಯಾಹ್ನವೇ ಎತ್ತಿಬಿಡೋಣ."

"ಮಗು ಬಸ್ಸಲ್ಲಿದ್ದಾಳೆ."

ಡ್ರೈವರ್ ವೈರು ಸುತ್ತತೊಡಗಿದ. "ಅವರನ್ನ ಈಚೆಗೆ ತೆಗೀಬೇಕಲ್ಲಮ್ಮ..."

"ಒಂದ್ನಿಮಿಷ."

ಅವಳೇ ಮುಚ್ಚಳ ಸರಿಸಿದಳು. ಬಿಳಿ ಬಟ್ಟೆಯನ್ನು ಅವನ ಗದ್ದದವರೆಗೆ ಎಳೆದು, ಎರಡೂ ಕಡೆ ಒತ್ತಿ ಸಿಕ್ಕಿಸಿದಳು. ಕಿವಿಯ ಹತ್ತಿರ ಬಗ್ಗಿದಳು.

"ಗುಂಯ್..."

ನಡುಮನೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ, "ಸದ್ಯ, ಶುರುವಾಯ್ತು," ಅಂದಳು.