ದೊರೆಸಾನಿಯ ಬೆನ್ನು

ದೊರೆಸಾನಿ ಎಂದರೆ ಸವಾರಿ ಶಾಲೆಯ ಹೆಣ್ಣು ಕುದುರೆ. ಆ ಹೆಸರನ್ನು ತರಬೇತುದಾರನೇ ಮುದ್ದಿಗೆ ಇಟ್ಟದ್ದು. ಹನ್ನೊಂದು ವರ್ಷ ಮಕ್ಕಳನ್ನು ಹೊತ್ತು ಗತ್ತಿನಿಂದ ತಿರುಗಿದವಳು, ಈಚೆಗೆ ಆರು ತಿಂಗಳಿಂದ ಜೀನು ಕಂಡರೆ ಸಾಕು, ಕಿವಿ ಹಿಂದಕ್ಕೆ ಒತ್ತಿ ಹಲ್ಲು ತೋರಿಸುತ್ತಿದ್ದಳು. ಶುಕ್ರವಾರ ಶಾಲೆಯ ಯಜಮಾನಿಯ ತೋಳಿಗೇ ಬಾಯಿ ಹಾಕಿದಳು.

"ಸೋಮವಾರ ಲಾರಿ ಬರುತ್ತೆ. ಮಾರಿಬಿಡೋದೇ," ಎಂದರು ಯಜಮಾನಿ.

ಭಾನುವಾರ ಬೆಳಿಗ್ಗೆ ತರಬೇತುದಾರ ತನ್ನ ಅಕ್ಕನಿಗೆ ಫೋನು ಮಾಡಿದ. ಅಪ್ಪನ ಕಸುಬು ಹಿಡಿದು ಜೀನು ಹೊಲಿಯುವವಳು ಅವಳು. ಕೈಯಲ್ಲಿ ಬಂಗಾರದಂಥ ಕೆಲಸ, ಮೂಗಿನ ತುದಿಯಲ್ಲೇ ಕೋಪ. ಆ ಕೋಪಕ್ಕೆ ಹೆದರಿಯೇ ಇವನು ಇಷ್ಟು ದಿನ ತಡಮಾಡಿದ್ದು.

ಅಕ್ಕ ಬಂದವಳೇ ಕುದುರೆಗೆ ಜೀನು ಕಟ್ಟಿಸಿ, ಅದರ ಕೆಳಗೆ ಕೈ ತೂರಿಸಲು ನೋಡಿದಳು. ಬೆರಳೂ ಹೋಗಲಿಲ್ಲ. ಎತ್ತಿ ನೋಡಿದರೆ ಒಂದರ ಮೇಲೊಂದು ಮೂರು ಕಂಬಳಿ.

"ಇದೇನೋ ಪುಟ್ಟಾ?"

ತಲೆಗೂದಲು ಅರ್ಧ ಉದುರಿದ ಪುಟ್ಟ ನೆಲ ನೋಡಿದ. "ಬೆನ್ನು ನೋಯ್ತಿರಬಹುದು ಅಂತ. ಅವಳು ಮುನಿಸಿಕೊಂಡಾಗಲೆಲ್ಲ ಇನ್ನೊಂದು ಹಾಕಿದೆ."

"ಬೂಟು ಬಿಗಿ ಆಯ್ತು ಅಂತ ಮೂರು ಕಾಲುಚೀಲ ಹಾಕ್ಕೋತೀಯೇನೋ, ಜಾಣ?"

ಜೀನು ಕಟ್ಟಿಯೇ ಕುದುರೆಯನ್ನು ಸ್ವಲ್ಪ ಹೊತ್ತು ಓಡಿಸಿ ಬಿಚ್ಚಿದರು. ಬೆನ್ನೆಲ್ಲ ಬೆವರು, ಹೆಗಲ ಹಿಂದೆ ಎರಡೂ ಕಡೆ ಅಂಗೈಯಗಲ ಜಾಗ ಮಾತ್ರ ಒಣಗಿತ್ತು.

"ನೋಡಕ್ಕಾ, ಇಲ್ಲಾದ್ರೂ ಹಾಯಾಗಿದ್ದಾಳೆ."

"ಹಾಯಾಗಿಲ್ವೋ. ಬೆವರೋಕೂ ಬಿಡದ ಹಾಗೆ ಅಲ್ಲೇ ಒತ್ತಿದೆ." ಅಕ್ಕ ಅವನ ಬೆರಳು ಹಿಡಿದು ಅಲ್ಲಿ ಮೆಲ್ಲಗೆ ಊರಿಸಿದಳು. ದೊರೆಸಾನಿಯ ಮೈಯೆಲ್ಲ ನಡುಗಿತು.

ಅವನು ಬೆರಳು ಹಿಂದಕ್ಕೆಳೆದುಕೊಂಡ. ಆರು ತಿಂಗಳು ಆ ಜಾಗವನ್ನೇ ತಟ್ಟಿ, "ಸೊಕ್ಕು ನಿಂಗೆ" ಎಂದು ಗದರಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಬಾಯಿಲ್ಲದ ಪ್ರಾಣಿಯ ಗುಣವೇ ಡೊಂಕು ಎಂದಿದ್ದ.

ಅಕ್ಕ ಲಾಯದ ಮೆಟ್ಟಿಲ ಮೇಲೆ ಕೂತು ಜೀನಿನ ಹೊಲಿಗೆ ಬಿಚ್ಚಿದಳು. ಒಳಗಿನ ಹಳೆಯ ಉಣ್ಣೆ ಗಂಟುಗಟ್ಟಿ ಕಲ್ಲಾಗಿತ್ತು. ಅದನ್ನೆಲ್ಲ ಕಿತ್ತು, ಹೊಸ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ, ಹೆಗಲ ಹತ್ತಿರ ಸಡಿಲವಾಗಿ, ವಯಸ್ಸಿಗೆ ತಗ್ಗಿದ ನಡುಬೆನ್ನಿಗೆ ತುಸು ಹೆಚ್ಚಾಗಿ ತುಂಬಿದಳು. ಬರಿಬೆನ್ನಿನ ಮೇಲೆ ಇಟ್ಟು, ಕೈಯಾಡಿಸಿ, ಮತ್ತೆ ತೆಗೆದು, ಹೀಗೆ ನಾಲ್ಕು ಸಲ.

"ವಯಸ್ಸಾದ ಮೇಲೆ ನನ್ನ ಬೆನ್ನೂ ಹೀಗೇ ಆಗಿದೆ," ಎಂದು ಗೊಣಗಿದಳು. "ಕೇಳೋರಿಲ್ಲ."

ಸಂಜೆಗೆ ಯಜಮಾನಿ ತೋಳಿಗೆ ಪಟ್ಟಿ ಸುತ್ತಿಕೊಂಡೇ ಬಂದು ಬೇಲಿಯಾಚೆ ನಿಂತರು. ತರಬೇತುದಾರ ಒಂದೇ ಒಂದು ತೆಳುಬಟ್ಟೆ ಹಾಸಿ, ಜೀನಿಟ್ಟು, ಹೊಟ್ಟೆಪಟ್ಟಿಯನ್ನು ನಿಧಾನವಾಗಿ ಬಿಗಿದ. ದೊರೆಸಾನಿ ಕತ್ತು ಅವನತ್ತ ತಿರುಗಿಸಿದಳು. ಯಜಮಾನಿ ಹಿಂದೆ ಸರಿದರು. ಕಚ್ಚಿದರೆ ಕಚ್ಚಲಿ, ತಪ್ಪು ನನ್ನದೇ ಎಂದುಕೊಂಡು ಅವನು ಕಣ್ಣು ಮುಚ್ಚಿ ನಿಂತ.

ಹಲ್ಲು ತಾಗಲಿಲ್ಲ. ಮೆತ್ತನೆಯ ತುಟಿ ಅವನ ಕೋಟಿನ ಜೇಬಿನೊಳಗೆ ಹುಡುಕಾಡುತ್ತಿತ್ತು. ಹಿಂದೆಲ್ಲ ದಿನಾ ಆ ಜೇಬಿನಲ್ಲಿ ಅವಳಿಗೊಂದು ಕ್ಯಾರೆಟ್ ಇರುತ್ತಿತ್ತು. ಕಚ್ಚಲು ಶುರುಮಾಡಿದ ಮೇಲೆ, ಶಿಕ್ಷೆ ಇರಲಿ ಎಂದು ಅವನೇ ನಿಲ್ಲಿಸಿದ್ದ. ಜೇಬು ಖಾಲಿ. ಆದರೂ ಅವಳು ಹುಡುಕುತ್ತಲೇ ಇದ್ದಳು. ಅವನು ಅವಳ ಕತ್ತಿಗೆ ಮುಖವಿಟ್ಟು ಗಳಗಳನೆ ಅತ್ತುಬಿಟ್ಟ.

"ಲಾರಿಯವನಿಗೆ ಬರಬೇಡ ಅಂತೀನಿ," ಎಂದು ಯಜಮಾನಿ ಫೋನು ತೆಗೆದರು.

"ಹದಿನೈದು ದಿನ ಯಾರನ್ನೂ ಕೂರಿಸಬೇಡ, ನೋವು ಮಾಯಲಿ," ಎಂದಳು ಅಕ್ಕ. ಅವಳ ದನಿಯೂ ಒದ್ದೆಯಾಗಿತ್ತು. "ಅತ್ತಿದ್ದು ಸಾಕು ಪುಟ್ಟಾ. ಓಡಿಹೋಗಿ ಕ್ಯಾರೆಟ್ ತಗೊಂಡು ಬಾ. ಅವಳೇನೂ ಎಲ್ಲಿಗೂ ಹೋಗಲ್ಲ."