ಗಡಿಯಾಚೆ ಉಳಿದ ಹದಿನೇಳು ವರ್ಷ

ನಮ್ಮಪ್ಪ ಸಮಾಧಾನಪ್ಪ ಹನೂರಿನ ಬ್ಯಾಪ್ಟಿಸ್ಟ್ ಸಭೆಯ ಪಾಲಕರಾಗಿ ಇಪ್ಪತ್ತೆಂಟು ವರ್ಷ ದುಡಿದರು. ದೀಕ್ಷಾಸ್ನಾನ ಕೊಡುವ ದಿನ ಎಂಥ ಚಳಿಯಿದ್ದರೂ ಕಾವೇರಿಯೊಳಗೆ ಎದೆಮಟ್ಟ ನೀರಿನಲ್ಲಿ ನಿಲ್ಲುತ್ತಿದ್ದರು. ಉಳಿದ ದಿನಗಳಲ್ಲಿ ಸೈಕಲ್ ತುಳಿದು ಹಳ್ಳಿ ಸುತ್ತುವುದು. ೧೯೬೭ರಲ್ಲಿ ನಿವೃತ್ತಿಯಾಗುವ ಹೊತ್ತಿಗೆ ಅವರ ಎರಡು ಮಂಡಿಗಳೂ ಸರಿಯಾಗಿ ಮಡಚುತ್ತಿರಲಿಲ್ಲ.

ಸೇರಿದ ಮೊದಲ ತಿಂಗಳಿಂದಲೇ ಅವರ ಸಂಬಳದಲ್ಲಿ ಪಿಂಚಣಿ ನಿಧಿಗೆಂದು ಹಣ ಹಿಡಿಯುತ್ತಿದ್ದರು. ಆಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿಗೆ ಸೇರಿತ್ತು. ಐವತ್ತಾರರಲ್ಲಿ ಮೈಸೂರಿಗೆ ಬಂತು. ನಮ್ಮ ಸಭೆಗಳನ್ನೂ ಮಿಷನ್ನಿನ ಮೈಸೂರು ಕಡೆಯ ಮಂಡಳಿಗೆ ವರ್ಗಾಯಿಸಿದರು.

ನಿವೃತ್ತಿಯಾದ ಮೇಲೆ ಅಪ್ಪ ಪಿಂಚಣಿಗೆ ಬರೆದರು. ಸಭೆಯವರು ಪಾಲಕರಿಗೆಂದು ಕೊಡುವ ಮನೆಯಲ್ಲೇ ಅಪ್ಪ ಅವ್ವ ಇನ್ನೂ ಇದ್ದರು. ಮೈಸೂರು ಕಡೆಯ ಮಂಡಳಿಯಿಂದ ಉತ್ತರ ಬಂತು: ತಾವು ನೇಮಕವಾದದ್ದು ಮದ್ರಾಸ್ ಮಂಡಳಿಯಲ್ಲಿ, ಅಲ್ಲಿ ವಿಚಾರಿಸಿ. ಮದ್ರಾಸ್ ಮಂಡಳಿಯವರು ಬರೆದರು: ತಾವು ನಿವೃತ್ತರಾದದ್ದು ಮೈಸೂರಿನಲ್ಲಿ, ಅಲ್ಲಿ ವಿಚಾರಿಸಿ. ಎರಡು ಕಾಗದಗಳೂ 'ಪ್ರಿಯ ಸಹೋದರರೇ' ಎಂದೇ ಶುರುವಾಗಿದ್ದವು.

ನಾನು ಆಗ ಅಗರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ರಜೆಗೆ ಊರಿಗೆ ಹೋದಾಗ ಅಪ್ಪ ಮೂರನೆಯ ಅರ್ಜಿ ಬರೆಯುತ್ತ ಕೂತಿದ್ದರು. ಅವ್ವ ರಂಗಮ್ಮ ಆ ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಇನ್ ಬರೆಯಾದು ಬ್ಯಾಡ. ಕೊಳ್ಳೇಗಾಲದಲ್ಲಿ ವರ್ಸದ್ ಮೀಟಿಂಗ್ ಅದೆಯಲ್ಲ, ನಾನೇ ಕೇಳ್ತೀನಿ."

ವಾರ್ಷಿಕ ಸಭೆಯಲ್ಲಿ ಗಂಡಸರು ಬೆಂಚಿನ ಮೇಲೆ, ಹೆಂಗಸರು ಚಾಪೆಯ ಮೇಲೆ. ಮೈಸೂರು ಕಡೆಯ ಮಂಡಳಿಯ ಕಾರ್ಯದರ್ಶಿ ಅಪ್ಪನಿಗೆ ಶಾಲು ಹೊದಿಸಿ ನಿಷ್ಠಾವಂತ ಸೇವಕ ಎಂದು ಹೊಗಳಿದರು. ಚಪ್ಪಾಳೆ ನಿಲ್ಲುವ ಮೊದಲೇ ಅವ್ವ ಎದ್ದು ನಿಂತಳು.

"ಸಾ, ಒಂದ್ ಮಾತು. ತಾಲ್ಲೂಕ ಮೈಸೂರ್ಗೆ ಸೇರಿಸ್ದಾಗ ನಮ್ ಮನೆ ಏನಾರ ಎದ್ದು ನಡ್ಕಂಡ್ ಓಯ್ತಾ? ಅದೇ ಚರ್ಚು, ಅದೇ ಮನುಸ. ಪಿಂಚಣಿ ಎಂಗೆ ಸಾ ಎಲ್ಡ್ ತುಂಡಾಯ್ತು?"

ಕಾರ್ಯದರ್ಶಿ ನಕ್ಕರು. "ತಾಯಿ, ಇದು ಆಡಳಿತದ ವಿಷಯ. ನಿಮ್ಮ ಯಜಮಾನರ ಪ್ರತಿಫಲ ಪರಲೋಕದಲ್ಲಿದೆ. ಸದ್ಯಕ್ಕೆ ಬೇಕಾದರೆ ಬಡವರ ನಿಧಿಯಿಂದ ತಿಂಗಳಿಗೆ ಹತ್ತು ರೂಪಾಯಿ ಸಹಾಯ ಕೊಡಿಸೋಣ."

"ನಿಮ್ ಸಂಬಳಾನೂ ಪರಲೋಕದಲ್ಲೇ ಈಸ್ಕತೀರಾ ಸಾ?"

ಅಪ್ಪ ತಲೆ ತಗ್ಗಿಸಿ, "ಕೂತ್ಕೊ ರಂಗಿ, ನನ್ ಮಾನ ಕಳೀಬ್ಯಾಡ" ಎಂದರು.

"ನಾನ್ ಕಳೀತಿಲ್ಲ. ನಿಮ್ ಮಾನಕ್ಕೆ ಅತ್ತು ರುಪಾಯಿ ಬೆಲೆ ಕಟ್ತಾವ್ರೆ ಇವ್ರು. ನಾವು ಕೇಳ್ತಿರಾದು ಬಿಕ್ಸೆ ಅಲ್ಲ, ನಮ್ ಅನ್ನದಲ್ಲಿ ಇಡ್ಕಂಡಿದ್ದು." ಎರಡು ಕಾಗದಗಳನ್ನೂ ಮೇಜಿನ ಮೇಲಿಟ್ಟಳು. "ಇದು ತೀರ್ಮಾನ ಆಗಗಂಟ ಸಭೆ ಮನೆ ಬೀಗ ಕೊಡಕಿಲ್ಲ."

ಆ ಮಾತಿನ ಪೆಟ್ಟು ಬಿದ್ದದ್ದು ಹೊಸ ಪಾಲಕ ಜಯಶೀಲನ ಮೇಲೆ. ಮರುವಾರ ಬಸ್ಸಿಳಿದು, ಬಸುರಿ ಹೆಂಡತಿ ಮತ್ತು ಎರಡು ಟ್ರಂಕುಗಳೊಡನೆ ನಮ್ಮ ಬಾಗಿಲಿಗೆ ಬಂದು ನಿಂತ. ಅವ್ವ ಒಳಗಿನಿಂದಲೇ, "ನಿಮ್ಮನ್ನ ಕಳಿಸ್ದೋರ್ ತಾವ್ಕೇ ಓಗಪ್ಪ" ಎಂದಳು. ಅವನ ಹೆಂಡತಿ ಸುಸ್ತಾಗಿ ಜಗುಲಿಯ ಮೇಲೆ ಕುಳಿತುಬಿಟ್ಟಳು. ಆ ಹುಡುಗಿಯ ಮುಖ ನೋಡಿದ ಮೇಲೆ ಅವ್ವನಿಂದ ಬಾಗಿಲು ಹಾಕಿಕೊಂಡಿರಲು ಆಗಲಿಲ್ಲ. ನೀರು ಕೊಟ್ಟಳು, ಮುದ್ದೆ ಬಡಿಸಿದಳು, ಮುಂದಿನ ಕೋಣೆ ಬಿಟ್ಟುಕೊಟ್ಟಳು. ಬೀಗದ ಕೈ ಮಾತ್ರ ಅವಳ ಸೊಂಟದಲ್ಲೇ ಇತ್ತು.

ಊಟ ಮುಗಿಸಿ ಜಯಶೀಲ, ಅಪ್ಪ ಬರೆದಿಟ್ಟುಕೊಂಡಿದ್ದ ಆ ಎರಡು ಕಾಗದಗಳ ನಕಲನ್ನು ಓದಿದ.

"ಅಮ್ಮ, ನನ್ ಸಂಬಳದಲ್ಲೂ ಇಡೀತಾವ್ರೆ. ಒಂದ್ ರಸೀತಿನೂ ಕೊಟ್ಟಿಲ್ಲ."

"ಮತ್ತೆ ಬಾಯ್ ಮುಚ್ಕಂಡು ಯಾಕ್ ಕೂತಿದ್ದೀಯಪ್ಪ?"

ಅವನು ಕೂರಲಿಲ್ಲ. ಕೊಳ್ಳೇಗಾಲ, ಯಳಂದೂರು, ಮಾಂಬಳ್ಳಿ ಕಡೆಯ ಪಾಲಕರನ್ನೂ ಉಪದೇಶಿಗಳನ್ನೂ ಒಬ್ಬೊಬ್ಬರಾಗಿ ಕಂಡ. ಕೊಳ್ಳೇಗಾಲದ ಚರ್ಚಿನ ಗಂಟೆ ಬಾರಿಸುವ ಮಾರಯ್ಯನಿಗೆ ಪಿಂಚಣಿ ನಿಧಿ ಅಂತ ಒಂದಿದೆ ಎಂಬುದೇ ಗೊತ್ತಿರಲಿಲ್ಲ. ಹಣ ಮಾತ್ರ ಹಿಡಿಯುತ್ತಿದ್ದರು. ಹದಿನಾಲ್ಕು ಜನ ಸಹಿ ಹಾಕಿದರು. ಇತ್ಯರ್ಥವಾಗುವವರೆಗೆ ಭಾನುವಾರದ ಕಾಣಿಕೆಯಲ್ಲಿ ಮಂಡಳಿಯ ಪಾಲು ಕಳಿಸುವುದಿಲ್ಲ ಎಂದು ಬರೆದರು. ಅಪ್ಪ ಮಾತ್ರ ಸಹಿ ಹಾಕಲಿಲ್ಲ. "ದೇವ್ರ ಮನೇಲಿ ಜಗಳ ಯಾಕೆ" ಎಂದರು. ಅವ್ವ ಅವರೊಡನೆ ಮೂರು ದಿನ ಮಾತು ಬಿಟ್ಟಳು.

ಕಾಣಿಕೆ ನಿಂತ ನಾಲ್ಕನೆಯ ತಿಂಗಳು, ನಾನು ಊರಲ್ಲಿದ್ದ ದಿನವೇ, ಕಾರ್ಯದರ್ಶಿ ತಾವೇ ಹನೂರಿಗೆ ಬಂದರು. ಈ ಸಲ ನಗಲಿಲ್ಲ. ಇನ್ನು ಮುಂದೆ ಎಲ್ಲರಿಗೂ, ಗಂಟೆ ಬಾರಿಸುವವನಿಗೂ, ರಸೀತಿ ಕೊಡುವುದಾಗಿಯೂ ಅಪ್ಪನಿಗೆ ತಿಂಗಳಿಗೆ ಹದಿನೆಂಟು ರೂಪಾಯಿ ಪಿಂಚಣಿ ಮಂಜೂರಾಗಿದೆ ಎಂದೂ ಹೇಳಿದರು. ಆದರೆ ಲೆಕ್ಕ ಐವತ್ತಾರರಿಂದ ಮಾತ್ರ. ಅದರ ಹಿಂದಿನ ಹದಿನೇಳು ವರ್ಷಗಳ ಹಣ ಮದ್ರಾಸಿನ ಕಡೆ ಉಳಿದಿದೆ, ಅದಕ್ಕೆ ತಾವು ಜವಾಬ್ದಾರರಲ್ಲ ಎಂದರು.

ಅಪ್ಪ ಕೈ ಮುಗಿದು, "ವಂದನೆ ಸಾ, ದೇವ್ರ ದಯೆ" ಎಂದರು.

ಅವ್ವ ಬೀಗದ ಕೈ ಬಿಚ್ಚಿ ಜಯಶೀಲನ ಹೆಂಡತಿಯ ಕೈಗಿತ್ತಳು. ಕಾರ್ಯದರ್ಶಿಯ ಮುಖ ನೋಡದೆ ಒಳಗೆ ಹೋಗಿ, ಮನೆ ಬಿಡಲು ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು. ನಾನು ಹಿಂದೆಯೇ ಹೋದೆ. ಅವಳು ಅಳುತ್ತಿದ್ದಾಳೆ ಅಂದುಕೊಂಡಿದ್ದೆ. ಅಳುತ್ತಿರಲಿಲ್ಲ. ಸಿಟ್ಟಿಗೆ ಹಲ್ಲು ಕಚ್ಚಿದ್ದಳು.

"ನೋಡ್ದಾ, ನಿಮ್ಮಪ್ಪ ವಂದನೆ ಏಳ್ತಾರೆ! ಇಂತೋರು ಅಂಗಂದೂ ಅಂಗಂದೂನೇ ಆ ಮಂಡ್ಳಿಯೋರು ಇಂಗಾಗಿರಾದು ಕಣವ್ವ."

ಇಬ್ಬರನ್ನೂ ಅಗರಕ್ಕೆ ಕರೆದುಕೊಂಡು ಬಂದೆ. ಅವ್ವ ಹೇಳುತ್ತಿದ್ದ ಹಾಗೆ ನಾನು ವರ್ಷಕ್ಕೆರಡು ಸಲ ಮದ್ರಾಸ್ ಮಂಡಳಿಗೆ ಬರೆದೆ. ಎಪ್ಪತ್ತಮೂರರಲ್ಲಿ ಅಪ್ಪ ತೀರಿಕೊಂಡರು. ಮದ್ರಾಸಿನಿಂದ ಸಂತಾಪದ ಕಾಗದವೊಂದು ಬಂತು, ಹಣದ ಮಾತು ಅದರಲ್ಲಿರಲಿಲ್ಲ. ಅವ್ವ ಅದನ್ನು ಓದಿಸಿ ಕೇಳಿಸಿಕೊಂಡು, ಇನ್ನೊಂದು ಅರ್ಜಿ ಬರೆ ಎಂದಳು.