ನೂರ ಹನ್ನೆರಡನೇ ಪುಟದ ಪಿಯಾನೊ

ಕೊಂಡಿ ಮೇಷ್ಟ್ರಿಗೆ ಕೂತಲ್ಲಿ ಕೂರುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಕುರ್ಚಿಯ ತುದಿಗೆ ಕೂತು ಒಂದೇ ಸಮನೆ ಮೊಣಕಾಲು ಕುಣಿಸುತ್ತಾರೆ. ಅವರ ಹೆಂಡತಿಗೆ ಮೂವತ್ತು ವರ್ಷದಿಂದ ಅದೊಂದು ತಲೆನೋವು. ಆದರೆ ಆ ಮಧ್ಯಾಹ್ನ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಮೊಣಕಾಲು ಕುಣಿದ ರಭಸಕ್ಕೆ ಮೇಜಿನ ಮೇಲಿನ ನೀರಿನ ಲೋಟವೇ ಅಲುಗಾಡುತ್ತಿತ್ತು.

ಅವರಿಗೆ ಆ ಹೆಸರು ಬಂದದ್ದು ಅವರು ನಡೆಸುವ ಸ್ಪರ್ಧೆಯಿಂದ. ಇಸವಿ, ರಾಜಧಾನಿ ಅಂತ ಉರು ಹೊಡೆದು ಬಂದವರಿಗೆ ಅಲ್ಲಿ ಕೆಲಸವಿಲ್ಲ. ಮೇಷ್ಟ್ರು ಎರಡು ಸಂಗತಿ ಕೊಡುತ್ತಾರೆ, ಒಂದು ಚರಿತ್ರೆಯದು, ಇನ್ನೊಂದು ಸಿನಿಮಾದ್ದು. ನಡುವೆ ರಾಜಕೀಯದ ಒಂದು ಕೊಂಡಿ ಹಾಕಿ ಎರಡನ್ನೂ ಸೇರಿಸಬೇಕು. ಆ ಕೊಂಡಿ ನಿಜವಾಗಿ ನಡೆದದ್ದಾಗಿರಬೇಕು, ಅಷ್ಟೇ ನಿಯಮ. ಹದಿನೆಂಟು ವರ್ಷ ನಡೆಸಿ ಸುಸ್ತಾದ ಮೇಷ್ಟ್ರು, ಈ ಸಲ ಗೆದ್ದವರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತೇನೆ ಅಂತ ಸಾರಿಬಿಟ್ಟಿದ್ದರು. ಮುಂದಿನ ವರ್ಷದಿಂದ ಪ್ರಶ್ನೆ ಹಾಕುವವರು ಆ ಗೆದ್ದವರೇ.

ಕೊನೆಗೆ ಉಳಿದವರು ಇಬ್ಬರು. ಒಬ್ಬರು ಔಷಧಿ ಅಂಗಡಿಯವರು, ಅಳೆದು ತೂಗಿ ಮಾತಾಡುವ ಮನುಷ್ಯ. ಇನ್ನೊಬ್ಬಳು ಟೈಲರಮ್ಮ. ಓದಿದ್ದು ಏಳನೇ ಕ್ಲಾಸು. ಮೇಷ್ಟ್ರು ಬರೆದ ಎಂಟುನೂರು ಸಂಗತಿಗಳ ಪುಸ್ತಕ ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇರುತ್ತದೆ, ಪುಟಪುಟಕ್ಕೂ ಬಣ್ಣದ ನೂಲಿನ ಗುರುತು. ನಾಲ್ಕು ವರ್ಷದಿಂದ ಕೊನೇ ಸುತ್ತಿನವರೆಗೂ ಬಂದು ಸೋತು, ಮಾತಿಲ್ಲದೆ ಚಪ್ಪಲಿ ಮೆಟ್ಟಿ ಹೋಗುತ್ತಿದ್ದಳು. ಈ ಸಲ ಅವಳೇ ಗೆಲ್ಲಲಿ ಅಂತ ಮೇಷ್ಟ್ರಿಗೆ ಒಳಗೊಳಗೇ ಆಸೆ. ಹೇಳುವ ಹಾಗಿಲ್ಲ, ತೀರ್ಪು ಕೊಡುವವರು ತಾವೇ ತಾನೆ.

ಪ್ರಶ್ನೆ ಹೀಗಿತ್ತು. ಒಂದು ತುದಿಗೆ, ಮುಕ್ಕಾಲು ಗಂಟೆಯೊಳಗೆ ಮುಗಿದುಹೋದ ಯುದ್ಧ. ಒಬ್ಬ ಸುಲ್ತಾನ, ಅವನ ಅರಮನೆಗೆ ಮುಖ ಮಾಡಿ ನಿಂತ ಹಡಗುಗಳು, ಗುಂಡಿನ ಮಳೆ, ಮುಗೀತು. ಇನ್ನೊಂದು ತುದಿಗೆ, ಸುಂದರಿ ಅಂತ ಜಗತ್ತೆಲ್ಲ ಹೊಗಳಿದ ಸಿನಿಮಾ ನಟಿ. ಶತ್ರು ಕೆಡಿಸಲಾಗದ ರೇಡಿಯೊ ಸಂಕೇತಕ್ಕೆ ಒಬ್ಬ ಸಂಗೀತಗಾರನ ಜೊತೆ ಸೇರಿ ಪೇಟೆಂಟ್ ಪಡೆದವಳು.

ಔಷಧಿ ಅಂಗಡಿಯವರು ಎದ್ದು, "ಹಡಗು," ಅಂದರು. "ನೌಕಾಪಡೆಯ ಮಂತ್ರಿಯಾಗಿದ್ದವರೊಬ್ಬರು ಆಮೇಲೆ ಪ್ರಧಾನಿ ಆದರು. ಆ ಯುದ್ಧ ಮಾಡಿದ್ದೂ ಹಡಗು. ನಟಿಯ ಸಂಕೇತ ಬೇಕಾಗಿದ್ದೂ ಹಡಗು ಮುಳುಗಿಸೋಕೆ."

ನಿಜವೇ. ಆದರೆ ಒಣ ರೊಟ್ಟಿ ಅಗಿದ ಹಾಗಿತ್ತು, ಜನ ಆಕಳಿಸಿದರು.

ಟೈಲರಮ್ಮ ಎದ್ದಳು. "ಪಿಯಾನೊ," ಅಂದಳು. "ಆ ಸುಲ್ತಾನನ ಅರಮನೆಯಲ್ಲಿ ಗುಂಡೇಟು ತಪ್ಪಿಸಿಕೊಂಡು ಉಳಿದದ್ದು ಒಂದು ಪಿಯಾನೊ. ಹರಾಜಲ್ಲಿ ಅದನ್ನ ಒಬ್ಬ ಮಂತ್ರಿ ಕೊಂಡುಕೊಂಡ. ತನ್ನ ಕಡೆಯವರಿಗೆ ಗುಟ್ಟಿನ ಮಾತನ್ನೆಲ್ಲ ಅದರ ಮೇಲೆ ಬಾರಿಸಿ ಕಳಿಸ್ತಿದ್ದ, ಕಿಟಕಿ ತೆಗೆದಿಟ್ಟು. ನಟಿಯ ಜೊತೆಗಾರ ಸಂಗೀತಗಾರ ಇದ್ದಾನಲ್ಲ, ಅವನೂ ತಾನಾಗಿ ನುಡಿಯೋ ಪಿಯಾನೊದ ತೂತಿನ ಹಾಳೆ ನೋಡಿಯೇ ಆ ಉಪಾಯ ಹೂಡಿದ್ದು."

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿಂದ ಗ್ರಂಥಪಾಲಕರು, "ನೂರ ಹನ್ನೆರಡನೇ ಪುಟ," ಅಂತ ಹೆಮ್ಮೆಯಿಂದ ಕೂಗಿದರು.

ಮೇಷ್ಟ್ರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆ ಮಂತ್ರಿ ಹುಟ್ಟಿಯೇ ಇರಲಿಲ್ಲ. ಪಿಯಾನೊ ಉಳಿದಿರಲಿಲ್ಲ, ಅದು ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಪುಸ್ತಕ ಅಚ್ಚಿಗೆ ಹೋಗುವಾಗ, ಕದ್ದು ಅಚ್ಚು ಹಾಕುವವರ ಕಾಟ ಜಾಸ್ತಿ, ಒಂದು ಸುಳ್ಳು ಸೇರಿಸಿಡಿ, ಕದ್ದವನು ಅದನ್ನೂ ಕದ್ದು ಸಿಕ್ಕಿಬೀಳ್ತಾನೆ ಅಂತ ಪ್ರೆಸ್ಸಿನವನು ಕಿವಿ ಊದಿದ್ದ. ಮೇಷ್ಟ್ರು ಒಂದು ಸಂಜೆ ಕೂತು ಪಿಯಾನೊ ಮಂತ್ರಿಯನ್ನು ಹುಟ್ಟಿಸಿದರು. "ಬೇಡ ಕಣ್ರೀ," ಅಂದಿದ್ದಳು ಹೆಂಡತಿ. ಕೇಳಿದರೆ ತಾನೆ! ಕಳ್ಳ ಯಾವನೂ ಬರಲಿಲ್ಲ. ಬಂದವಳು ಪುಸ್ತಕವನ್ನು ನಂಬಿದ ಟೈಲರಮ್ಮ. ಇನ್ನೊಂದು ಮಾತೂ ಆಗ ಹೊಳೆಯಿತು: ಪ್ರಶ್ನೆಯ ಎರಡು ತುದಿ ಆರಿಸುವಾಗ ತಮ್ಮ ತಲೆಯ ಮೂಲೆಯಲ್ಲೆಲ್ಲೋ ಆ ಸುಳ್ಳೇ ಕೂತು ಕೈ ಹಿಡಿದು ಬರೆಸಿತ್ತು.

ನೀರು ಕುಡಿದರು. ಪ್ರಶ್ನೆಯ ಚೀಟಿ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಸುಮ್ಮನಿದ್ದರೆ ಅವಳು ಗೆಲ್ಲುತ್ತಾಳೆ, ಯಾರಿಗೂ ಗೊತ್ತಾಗಲ್ಲ. ಆದರೆ ಸುಳ್ಳಿನ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದ ಹಾಗಾಗುತ್ತದೆ. ಮುಂದಿನ ಸಾಲಿನಲ್ಲಿ ಹೆಂಡತಿ ಅವರನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸದೆ.

"ಅದು ಸುಳ್ಳು," ಅಂದರು ಮೇಷ್ಟ್ರು. "ನಾನೇ ಕಟ್ಟಿದ್ದು. ಕಳ್ಳರನ್ನ ಹಿಡಿಯೋಕೆ." ಚೀಟಿಯನ್ನು ಮೇಜಿನ ಮೇಲಿಟ್ಟರು. "ಗೆದ್ದವರು ಔಷಧಿ ಅಂಗಡಿಯವರು."

ಟೈಲರಮ್ಮ ನಿಂತೇ ಇದ್ದಳು. ಅಳಲಿಲ್ಲ, ಜಗಳ ಆಡಲಿಲ್ಲ.

"ಪುಸ್ತಕದಲ್ಲಿ ಇಂಥವು ಎಷ್ಟಿವೆ?"

"ಒಂದೇ ಒಂದು. ಆಣೆ ಮಾಡಿ ಹೇಳ್ತೀನಿ."

"ನಾನು ಆರು ಸಲ ಓದಿದ್ದೀನಿ ಮೇಷ್ಟ್ರೇ. ಒಂದೇ ಅಂತ ಈಗ ಹೇಗೆ ನಂಬಲಿ?"

ಚಪ್ಪಲಿ ಮೆಟ್ಟಿ ಹೋದಳು. ಮೇಷ್ಟ್ರಿಗೆ ಆ ವಾರ ಊಟ ಸೇರಲಿಲ್ಲ. ನಡುಮನೆಯಿಂದ ಬಾಗಿಲಿಗೆ, ಬಾಗಿಲಿಂದ ನಡುಮನೆಗೆ ನಡೆದದ್ದೇ ನಡೆದದ್ದು. "ನೆಲ ಸವೆಯುತ್ತೆ. ಹೋಗಿ ಅವಳಿಗೇ ತೋರಿಸಿ ಬನ್ನಿ," ಅಂತ ಹೆಂಡತಿ ಕೊನೆಗೆ ಗದರಿಸಿದಳು.

ಒಂಬತ್ತನೇ ದಿನ ಬೆಳಿಗ್ಗೆ ಎಂಟುನೂರು ಚೀಟಿಗಳ ರಟ್ಟಿನ ಡಬ್ಬ ಹೊತ್ತು ಟೈಲರಮ್ಮನ ಅಂಗಡಿಗೆ ಹೋದರು. ಚೀಟಿಯ ಹಿಂದೆ ಅದು ಎಲ್ಲಿ ಸಿಕ್ಕಿತು ಅಂತ ಬರೆದಿಡುವುದು ಅವರ ರೂಢಿ. "ಒಂದೊಂದೇ ನೋಡಿ," ಅಂದರು.

ಅವಳು ಮಿಷನ್ ನಿಲ್ಲಿಸಿದಳು, ಸ್ಟೂಲು ಎಳೆದು ಕೊಟ್ಟಳು. ಮೇಷ್ಟ್ರು ಚೀಟಿ ಓದುವುದು, "ಎಲ್ಲಿ ಓದಿದ್ರಿ?" ಅಂತ ಅವಳು ಕೇಳುವುದು, ಮಗುಚಿ ತೋರಿಸುವುದು. ಅರವತ್ತು ಸಂಗತಿ ಗಂಟೆಯೊಳಗೆ ದಾಟಿದವು. ಮೇಷ್ಟ್ರ ಮೊಣಕಾಲು ವಾರದಲ್ಲಿ ಮೊದಲ ಸಲ ಸುಮ್ಮನಾಯಿತು.

ಅರವತ್ತೊಂದನೆಯದು ಅವರ ಪ್ರಾಣ. ಪಟ್ಟಾಭಿಷೇಕದ ಹಿಂದಿನ ದಿನ ಮಾರುವೇಷದಲ್ಲಿ ನಾಟಕ ನೋಡಲು ಹೋಗಿ, ಟಿಕೆಟ್ ಇಲ್ಲ ಅಂತ ಹೊರದಬ್ಬಿಸಿಕೊಂಡ ರಾಣಿ. ಹೆಣ್ಣು ನೋಡಲು ಹೋದ ದಿನ ಆ ಕಥೆ ಹೇಳಿಯೇ ಅವರು ಹೆಂಡತಿಯನ್ನು ನಗಿಸಿದ್ದು. ನೂರಾರು ಸಲ ಹೇಳಿದ್ದರು, ಕೇಳಿದವರೆಲ್ಲ ನಕ್ಕಿದ್ದರು. ಮೇಷ್ಟ್ರು ಓದುವಾಗಲೇ ನಗುತ್ತಾ ಚೀಟಿ ಮಗುಚಿದರು.

ಹಿಂದೆ ಖಾಲಿ.

"ಎಲ್ಲಿ ಓದಿದ್ರಿ?"

ಮೇಷ್ಟ್ರು ಚೀಟಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಎಲ್ಲೋ ಓದಿದ್ದೆ. ಓದಿದ್ದೆನೇ? ಆ ದಿನ ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಏನಾದರೂ ಹೇಳಬೇಕಿತ್ತು. ಅದಕ್ಕೆ ಮೊದಲು ಆ ರಾಣಿ ಎಲ್ಲಿದ್ದಳು ಅಂತ ಎಷ್ಟು ತಡಕಿದರೂ ಸಿಗಲಿಲ್ಲ.

"ಗೊತ್ತಿಲ್ಲ," ಅಂದರು. ಹದಿನೆಂಟು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಟೈಲರಮ್ಮ ಅವರ ಕೈಯಿಂದ ಚೀಟಿ ಈಸಿಕೊಂಡಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಗೊಂಡು ಚೀಟಿಯ ಮೇಲೆ ಒಂದು ಗೆರೆ ಎಳೆದು, ಬೇರೆ ಇಟ್ಟಳು.

"ಆಯ್ತು. ಮುಂದಿನದು ಓದಿ."